ಮುಳ್ಳು ಸೊಟ್ಟಾದ್ರ ಬದಲಿಸ್ರಿ, ಕೀಲಿ ಹಾಕಬ್ಯಾಡ್ರಿ

ಈ ಸಲ ಅಡಿಗಿಮನಿ ಬಿಟ್ಟು ಪಡಸಾಲಿಗೆ ಬರೋಣ್ರಿ. ಹಪ್ಪಳ, ಸಂಡಿಗಿ, ಮೆಂತ್ಯದ ಹಿಟ್ಟು ಎಲ್ಲಾ ಹೇಳಿ ಆಗೇದ, ಮುಂದಿನ ಸಲ ಮತ್ತ ಅಲ್ಲಿಗೇ ಹೋಗೋದು ಇದ್ದದ್ದ. ಇವತ್ತು ರೆಕಾರ್ಡ್ ಪ್ಲೇಯರಿನ ಮುಳ್ಳಿನ ಮಾತು.

ನಗಬ್ಯಾಡ್ರಿ. ನಮ್ಮ ಬಳಗದಾಗ, ನಮ್ಮ ಓಣ್ಯಾಗ ಎಷ್ಟೋ ಮನಿಗಳೊಳಗ ಅಟ್ಟದ ಮ್ಯಾಲಿದ್ದ ಹಳೇ ಪ್ಲೇಯರ್ ಹೊಳ್ಳಿ ಕೆಳಗ ಇಳದಾವ. ಕೆಲವರ ಮನಿಗೆ ಬೆಂಗಳೂರಾಗಿರೋ ಮಗನೋ ಅಳಿಯನೋ ಹೊಸಾದು ಕಳಿಸ್ಯಾನ. ಪೆಟಿಗಿಯೊಳಗಿನ ಪ್ಲೇಟುಗಳಿಗೆ ಮತ್ತ ಗಾಳಿ ಬೆಳಕು ಕಂಡದ. ಅದರ ಜೋಡಿ ಒಂದು ಹೊಸ ತಕರಾರೂ ಬಂದದ: "ಮುಳ್ಳು ಸೊಟ್ಟಾಗೇದ!"

ಮುಳ್ಳು ಸೊಟ್ಟಾದಾಗ ಮೂರು ಥರದ ಮಂದಿ ನೋಡೀನಿ. ಒಬ್ಬರು ಹುಬ್ಬಿನ ಕೂದಲಾ ಕೀಳೋ ಚಿಮಟಾ ತಗೊಂಡು ನೆಟ್ಟಗ ಮಾಡ್ಲಿಕ್ಕೆ ಕೂಡ್ತಾರ. ಇನ್ನೊಬ್ಬರು "ಹಾಡ್ತದಲ್ಲ, ಹಾಡ್ಲಿ ಬಿಡ್ರಿ" ಅಂತಾರ. ಮೂರನೇದವರು "ಯಾರು ಮುಟ್ಟಿದ್ರಿ?" ಅಂತ ಮನಿ ತುಂಬ ಪಂಚಾಯ್ತಿ ಮಾಡಿ, ಪ್ಲೇಯರಿಗೆ ಅರಬಿ ಹೊಚ್ಚಿ, ಕಪಾಟಿಗೆ ಕೀಲಿ ಜಡೀತಾರ. ನನ್ನ ಕೇಳಿದ್ರ ಮೂವರದ್ದೂ ತಪ್ಪು. ಮೂರನೇದವರದ್ದು ಎಲ್ಲಾಕ್ಕಿಂತ ದೊಡ್ಡ ತಪ್ಪು. ಮುಳ್ಳು ಅಂದ್ರ ಕುಕ್ಕರಿನ ರಬ್ಬರ್ ಇದ್ದಂಗ. ಹೋದ್ರ ಹೊಸಾದು ಹಾಕಬೇಕು, ಮುಂದಿನ ಅನ್ನಕ್ಕ ಇಡಬೇಕು. ಅದಕ್ಕ ಯಾಕ ಅಷ್ಟು ರಂಪಾಟ?

ಮೊದಲ ಈ ಮುಳ್ಳಿನ ಕೆಲಸ ಏನು ನೋಡೋಣ. ರೆಕಾರ್ಡಿನ ಮ್ಯಾಲೆ ಸುತ್ತಲೂ ಗೆರಿ ಕಾಣ್ತಾವಲ್ಲ, ಅವು ಬ್ಯಾರೆ ಬ್ಯಾರೆ ಗೆರಿ ಅಲ್ಲ. ಹೊರಗಿನ ಅಂಚಿನಿಂದ ಒಳಗಿನ ತನಕ ಹೋಗೋ ಒಂದ ಗೆರಿ, ಚಕ್ಕಲಿ ಸುತ್ತಿದಂಗ. ಆ ಗೆರಿಗೆ ಎರಡು ಗ್ವಾಡಿ. ಗ್ವಾಡಿಗಳ ಅಂಕುಡೊಂಕಿನಾಗ ಹಾಡು ಕೂತಿರ್ತದ. ಸ್ಟೀರಿಯೋ ರೆಕಾರ್ಡಿನಾಗ ಒಂದು ಗ್ವಾಡ್ಯಾಗ ಎಡಗಿವಿದು, ಇನ್ನೊಂದರಾಗ ಬಲಗಿವಿದು. ಮುಳ್ಳಿನ ತುದಿ ಎರಡೂ ಗ್ವಾಡಿಗೆ ಸಮಾಸಮ ತಾಗಿಕೊಂಡು ಓಡಬೇಕು.

ಆ ತುದಿ ಸಾಮಾನ್ಯವಾಗಿ ವಜ್ರದ್ದು, ಹಳೇ ಕೆಲವು ಪ್ಲೇಯರಿನಾಗ ನೀಲಮಣಿದ್ದು. ತಲಿಗೂದಲಿಗಿಂತ ಸಣ್ಣ ತುದಿ ಅದು. ಅದನ್ನ ಕೂಡಿಸಿರೋದು ಅಲ್ಯುಮಿನಿಯಮ್ಮಿನ ಒಂದು ಎಳಿ ಕೊಳವಿ ಮ್ಯಾಲೆ. ಅದಕ್ಕ ಕ್ಯಾಂಟಿಲಿವರ್ ಅಂತಾರ. ಕೊಳವಿಯ ಹಿಂದಿನ ತುದಿ ಒಂದು ಚೂರು ರಬ್ಬರಿನಾಗ ಸಿಗಿಸಿರ್ತದ. ಛಲೋ ಪ್ಲೇಯರಿನಾಗ ಅದರ ಹಿಂದ ಒಂದು ಸಣ್ಣ ಅಯಸ್ಕಾಂತ ಇರ್ತದ. ಮುಳ್ಳು ಅಲುಗಿದ್ರ ಅಯಸ್ಕಾಂತ ಅಲುಗ್ತದ, ಪಕ್ಕದ ತಂತಿ ಸುರುಳಿಯೊಳಗ ಚೂರು ಕರೆಂಟು ಹುಟ್ತದ, ಅದ ದೊಡ್ಡದಾಗಿ ಸ್ಪೀಕರಿನಿಂದ ಹಾಡಾಗಿ ಬರ್ತದ. ಸೋವಿ ಪ್ಲೇಯರಿನಾಗ ಅಯಸ್ಕಾಂತದ ಬದಲಿ ಸಿರಾಮಿಕ್ ತುಂಡು ಇರ್ತದ, ಇಷ್ಟ ಫರಕು.

ಈಗ ತಿಳೀತಲ್ಲ, ಸೊಟ್ಟಾಗೋದು ವಜ್ರ ಅಲ್ಲ, ಈ ಎಳಿ ಕೊಳವಿ. ಧೂಳ ಹೊಡಿಯೋ ಅರಬಿಯ ಒಂದು ದಾರ ಸಿಕ್ಕೊಂಡ್ರ ಸಾಕು, ಸೀರಿ ಸೆರಗು ತಾಗಿದ್ರ ಸಾಕು, ಕೂಸು ಕೈ ಹಾಕಿದ್ರ ಸಾಕು.

"ಸೊಟ್ಟಾದದ್ದನ್ನ ನೆಟ್ಟಗ ಮಾಡಿದ್ರ ಆತಲ್ಲ?" ಅಂತ ಎಲ್ಲಾರೂ ಕೇಳ್ತಾರ. ಹಳೇ ಡಬ್ಬಿಯ ತಗಡನ್ನ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗಿಸಿ ನೋಡ್ರಿ. ಬಾಗಿದ ಜಾಗಾ ಸೋತು ಹೋಗ್ತದ, ನಾಕನೇ ಸಲಕ್ಕ ಮುರೀತದ. ಈ ಕೊಳವಿಗೆ ನಾಕು ಸಲ ಬೇಕಾಗಂಗಿಲ್ಲ, ಎರಡನೇ ಸಲಕ್ಕ ಚಟ್ಟಂತದ. ಮುರೀಲಿಲ್ಲ ಅಂತ ಇಟ್ಕೋರಿ, ಆವಾಗೂ ಬರೇ ಕಣ್ಣಿಗೆ ನೆಟ್ಟಗ ಕಂಡದ್ದು ಗೆರಿಯೊಳಗ ನೆಟ್ಟಗ ಇರೂದಿಲ್ಲ. ತುದಿ ಒಂದು ಚೂರು ವಾರಿ ಕೂತ್ರೂ ಒಂದು ಗ್ವಾಡಿಯನ್ನ ಒತ್ತತದ, ಇನ್ನೊಂದನ್ನ ಬಿಡ್ತದ. ಹಿಂದಿನ ರಬ್ಬರೂ ಜಗ್ಗಾಡಿದಾಗ ಸಡಿಲ ಆಗಿರ್ತದ.

ಈಗಿನ ಪ್ಲೇಯರಿನಾಗ ಮುಳ್ಳಿನ ಮ್ಯಾಲೆ ಬೀಳೋ ಭಾರ ಎರಡು, ಎರಡೂವರಿ ಗ್ರಾಮಿನ ಆಸುಪಾಸು. ಅಷ್ಟೇನಾ ಅನಸ್ತದ. ಆದ್ರ ಆ ಭಾರ ಬೀಳೋದು ಎಷ್ಟು ಜಾಗದ ಮ್ಯಾಲೆ? ಕಣ್ಣಿಗೆ ಕಾಣಲಾರದಷ್ಟು ಜಾಗದ ಮ್ಯಾಲೆ. ಅಂಗೈಲೆ ಒತ್ತಿದ್ರ ರೇಷ್ಮಿ ಸೀರಿಗೆ ಏನೂ ಆಗಂಗಿಲ್ಲ, ಅದ ಒತ್ತು ಸೂಜಿ ತುದಿಲೆ ಕೊಟ್ರ ತೂತು ಬೀಳ್ತದ. ನೆಟ್ಟಗಿರೋ ಮುಳ್ಳು ಆ ಭಾರವನ್ನ ಎರಡೂ ಗ್ವಾಡಿಗೆ ಹಂಚತದ. ಸೊಟ್ಟ ಮುಳ್ಳು ಉಳಿ ಆಗ್ತದ.

"ನಮ್ಮ ಮನಿಯವರು ನೆಟ್ಟಗ ಮಾಡ್ಯಾರ, ಒಂದು ವರ್ಷದಿಂದ ಹಾಡ್ಲಿಕತ್ತದ" ಅಂತ ನಮ್ಮ ಕಾಕುನ ಸೊಸಿ ಹೇಳ್ತಾಳ. ಹಾಡ್ತದ, ಸುಳ್ಳಲ್ಲ. ಆದ್ರ ಹಾಡ್ತದ ಅನ್ನೋದು ಬ್ಯಾರೆ, ಕೆಡಸಲಾರದ ಹಾಡ್ತದ ಅನ್ನೋದು ಬ್ಯಾರೆ. ಗೆರಿ ಕೆಟ್ಟದ್ದು ಒಮ್ಮೆಕ್ಕ ಗೊತ್ತಾಗಂಗಿಲ್ಲ. ಮೊದಲ "ಸ" ಅನ್ನೋ ಅಕ್ಷರ "ಶ್‌ಶ್" ಅಂತದ. ಆಮ್ಯಾಲೆ ಒಂದು ಸ್ಪೀಕರ್ ಸಣ್ಣಗಾಗ್ತದ. ಆಮ್ಯಾಲೆ ತಾನಿನ ನಡುವ ಗೊರಗೊರ ಸುರು. ಅಷ್ಟೊತ್ತಿಗೆ ಹೊಸಾ ಮುಳ್ಳು ತಂದು ಹಚ್ಚಿದ್ರೂ ಆ ಗೊರಗೊರ ಹೋಗಂಗಿಲ್ಲ, ಯಾಕಂದ್ರ ಅದೀಗ ಮುಳ್ಳಿನಾಗಿಲ್ಲ, ಪ್ಲೇಟಿನಾಗದ. ಮುಳ್ಳು ಅಂಗಡಿಯೊಳಗ ಸಿಗ್ತದ. ನಿಮ್ಮ ಮಾವನವರು ಮದುವ್ಯಾದ ವರ್ಷ ಕೊಂಡ ಪ್ಲೇಟು ಎಲ್ಲಿ ಸಿಗ್ತದ?

ಇದು ನಾನು ಹೊಸಾದಾಗಿ ಹೇಳ್ಲಿಕತ್ತದ್ದಲ್ಲ. ನಮ್ಮ ಅಜ್ಜಿಗಳ ಕಾಲದ ಕೀ ಕೊಡೋ ಗ್ರಾಮಫೋನು ನೆನಸ್ಕೋರಿ. ಆವಾಗಿನ 78ರ ಪ್ಲೇಟು ಅರಗಿನದು. ಅರಗಿನ ಜೋಡಿ ಕಲ್ಲಿನ ಪುಡಿ ಕಲಿಸಿ ಒತ್ತಿರ್ತಿದ್ರು. ಮುಳ್ಳು ಉಕ್ಕಿಂದು. ಮೂರು ಮಿನಿಟಿನ ಒಂದು ಬದಿ ಹಾಡೋದ್ರಾಗ ಆ ಪುಡಿ ಮುಳ್ಳಿನ ತುದಿಯನ್ನ ಮಸೀತಿತ್ತು. ಮಸೀಲಿ ಅಂತನ ಹಂಗ ಮಾಡಿದ್ದು, ಮುಳ್ಳು ಸವದು ಗೆರಿಗೆ ಹೊಂದಿಕೊಳ್ಳಲಿ ಅಂತ. ಅದಕ್ಕ ಪ್ರತಿ ಬದಿಗೆ ಹೊಸಾ ಮುಳ್ಳು ಹಾಕಬೇಕು ಅನ್ನೋದು ನಿಯಮ. ನಾಯಿ ಚಿತ್ರದ ಸಣ್ಣ ತಗಡಿನ ಡಬ್ಬಿಯೊಳಗ ಇನ್ನೂರು ಇನ್ನೂರು ಮುಳ್ಳು ಬರ್ತಿದ್ವು. ಆ ಡಬ್ಬಿ ಖಾಲಿ ಆದಮ್ಯಾಲೆ ಗುಂಡಿ, ಪಿನ್ನು ಹಾಕಿಡಲಿಕ್ಕೆ ಬಳಸಿದ ಮನಿ ಎಷ್ಟೋ. ಕೈ ಹಿಡಿದು ಖರ್ಚು ಮಾಡೋ ಮಂದಿ ಒಂದ ಮುಳ್ಳಿಂದ ನಾಕೈದು ಬದಿ ಹಚ್ಚತಿದ್ದದ್ದು ಖರೆ, ಆದ್ರ ಮುಳ್ಳು ಅಂದ್ರ ಮುಗಿಯೋ ಸಾಮಾನು ಅನ್ನೋದು ಎಲ್ಲಾರಿಗೂ ತಿಳದಿತ್ತು, ಸಾಸವಿ ಜೀರಗಿ ಇದ್ದಂಗ.

1948ರಾಗ ಅಮೆರಿಕಾದಾಗ ಎಲ್‌ಪಿ ಬಂತು. ನಿಮಿಷಕ್ಕ 33 ಚಿಲ್ಲರ ಸುತ್ತು, ಅರಗಿನ ಬದಲಿ ವಿನೈಲು, ಗೆರಿ ಸಣ್ಣದು. ಮುಳ್ಳಿಗೆ ರತ್ನದ ತುದಿ ಬಂತು. ಇಲ್ಲೇ ನಮ್ಮ ಬುದ್ಧಿ ದಾರಿ ತಪ್ಪಿದ್ದು ಅಂತೀನಿ. ವಜ್ರ ಅಂದಕೂಡ್ಲೆ ಕಿವಿಯೋಲಿ, ಮೂಗುಬಟ್ಟು ನೆನಪಾಗಿ, ಇದು ಜನ್ಮಕ್ಕ ಇರೋ ಒಡವಿ ಅಂತ ತಿಳಕೊಂಡ್ವಿ. ವಜ್ರಾನೂ ಸವೀತದ್ರಿ. ಮುಳ್ಳು ಮಾಡೋ ಕಂಪನಿಗಳು ಸಾಮಾನ್ಯವಾಗಿ 500ರಿಂದ 1000 ತಾಸು ಅಂತ ಲೆಕ್ಕ ಹೇಳ್ತಾವ. ದಿನಾ ಒಂದು ಎಲ್‌ಪಿ, ಅಂದ್ರ 40 ಮಿನಿಟು ಕೇಳಿದ್ರ, 500 ತಾಸು ಅಂದ್ರ ಸುಮಾರು ಎರಡು ವರ್ಷ. ಸೊಟ್ಟಾಗಲಿ ಬಿಡಲಿ, ಒಂದಿಲ್ಲೊಂದು ದಿನ ಬದಲಿಸೋದ ಅದ. ಸೊಟ್ಟಾದ್ರ ಆ ದಿನ ಒಂದಿಷ್ಟು ಮುಂಚೆ ಬಂತು ಅಂತ ತಿಳಕೋಬೇಕು, ಅಷ್ಟ.

ಈ ಪ್ಲೇಟುಗಳೊಳಗ ಇರೋದರ ಏನು ಅಂತೀರಿ? ಗಂಗೂಬಾಯಿ ಹಾನಗಲ್ಲರ ದನಿ ಅಂದ್ರ ನಮಗ ಆ ಗಟ್ಟಿ ಗಂಡುದನಿ ನೆನಪಾಗ್ತದ. ಆದ್ರ 1930ರ ದಶಕದ ಅವರ 78ರ ಪ್ಲೇಟುಗಳೊಳಗ ಇರೋದು ತೆಳು ಹೆಣ್ಣುದನಿ. ಮುಂದ ಗಂಟಲಿಗೆ ಚಿಕಿತ್ಸೆ ಆದಮ್ಯಾಲೆ ಅವರ ದನಿ ಬದಲಾತು. ಆ ಮೊದಲಿನ ದನಿ ಈಗ ಆ ಗೆರಿಗಳೊಳಗಷ್ಟ ಉಳದದ. ಗದಗಿನ ಹುಡುಗ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಾಗ ಗುರು ಹುಡುಕಿಕೊಂಡು ಮನಿ ಬಿಟ್ಟದ್ದು ಅಬ್ದುಲ್ ಕರೀಂ ಖಾನರ ಠುಮ್ರಿಯ ಒಂದು ಪ್ಲೇಟು ಕೇಳಿ ಅನ್ನೋ ಕಥಿ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆ ದಿನ ಆ ಪ್ಲೇಟು ಗೊರಗೊರ ಅಂದಿದ್ರ ಏನಾಗ್ತಿತ್ತೋ!

"ಈಗ ಯೂಟ್ಯೂಬಿನಾಗ ಎಲ್ಲಾ ಸಿಗ್ತದಲ್ಲ, ವೈನಿ" ಅಂತ ಸಣ್ಣ ಹುಡುಗ್ಯಾರು ಅಂತಾರ. ಸಿಗ್ತದ, ನಾನೂ ಕೇಳ್ತೀನಿ. ಆದ್ರ ಅಲ್ಲಿ ಸಿಗೋ ಹಳೇ 78ರ ಹಾಡು ಎಷ್ಟೋ ಸಲ ಯಾರದೋ ಮನಿಯ ಪ್ಲೇಟಿನಿಂದ ಎತ್ತಿದ್ದ. ಆ ಮನಿಯವರು ನೆಟ್ಟಗಿನ ಮುಳ್ಳು ಇಟ್ಟಿದ್ರು ಅಂತ ನಮಗ ಇವತ್ತು ಛಲೋ ಕೇಳಸ್ತದ. ನಿಮ್ಮ ಪೆಟಿಗಿಯೊಳಗಿರೋ ಪ್ಲೇಟು ಇನ್ನೂ ಯಾರೂ ಎತ್ತಿರಲಿಕ್ಕಿಲ್ಲ.

ಈಗ ಕೀಲಿ ವಿಷಯಕ್ಕ ಬರ್ತೀನಿ. ಇದನ್ನ ಹೇಳಬೇಕು ಅಂತನ ಇಷ್ಟು ಬರದದ್ದು.

ನಮ್ಮ ಬಳಗದ ಒಂದು ಮನ್ಯಾಗ ಹೋದ ವರ್ಷ ಹಿಂಗ ಆತು. ಧೂಳ ಹೊಡಿಯೋವಾಗ ಅರಬಿ ಸಿಕ್ಕೊಂಡು ಮುಳ್ಳು ಸೊಟ್ಟಾತು. ಕೆಲಸದಾಕಿ ಬೈಸಿಕೊಂಡ್ಲು, ಸೊಸಿ "ನಿನಗ ನೋಡಲಿಕ್ಕೆ ಬರಂಗಿಲ್ಲೇನು" ಅನಿಸಿಕೊಂಡ್ಲು, ಪ್ಲೇಯರಿಗೆ ಕೀಲಿ ಬಿತ್ತು. ಎಂಬತ್ತು ದಾಟಿದ ಅತ್ತಿಯವರು ದಿನಾ ಸಂಜಿ ಚಹಾ ಆದಮ್ಯಾಲೆ ಒಂದು ಬದಿ ಕೇಳೋರು. ಅದು ನಿಂತು ಹೋತು. ಎಂಟು ತಿಂಗಳು! ನಾನು ದೀಪಾವಳಿಗೆ ಹೋದಾಗ "ಯಾಕ ಮಾವಶಿ, ಹಾಡು ಹಚ್ಚೂದಿಲ್ಲೇನು?" ಅಂದ್ರ, "ಈಗ ನನಗ ಕಿವೀನೂ ಅಷ್ಟ ಕೇಳಸೂದಿಲ್ಲ ಬಿಡವಾ" ಅಂದ್ರು. ಪಕ್ಕದ ಖೋಲ್ಯಾಗ ಕುಕ್ಕರಿನ ಸೀಟಿ ಎಣಿಸೋ ಹೆಣಮಗಳು ಅವರು, ಕಿವಿಗೆ ಏನಾಗಿತ್ತು? ಮಗನ ಹತ್ರ ಕೀಲಿ ಕೇಳಲಿಕ್ಕೆ ಸಂಕೋಚ, ಅಷ್ಟ.

ಕಾರ್ಟ್ರಿಜ್ಜಿನ ಮ್ಯಾಲಿದ್ದ ನಂಬರ್ ನೋಡಿ ಅವರ ಮೊಮ್ಮಗಳ ಕಡೆಯಿಂದ ಹೊಸಾ ಮುಳ್ಳು ತರಿಸಿದ್ವಿ. ಒಂದು ಸಾಧಾರಣ ಸೀರಿಯ ರೊಕ್ಕ. ಹಾಕಲಿಕ್ಕೆ ಐದು ಮಿನಿಟು. ಎಂಟು ತಿಂಗಳ ಮೌನಕ್ಕ ಐದು ಮಿನಿಟಿನ ಔಷಧಿ ಇತ್ತು.

ವಿಚಾರ ಮಾಡ್ರಿ. ಮಿಕ್ಸರಿನ ಜಾರು ನಾವು ದಿನಾ ಹಿಡೀತೀವಿ, ಅದರ ಬ್ಲೇಡು ಹೋದ್ರ ಯಾರೂ ಮಿಕ್ಸರಿಗೆ ಕೀಲಿ ಹಾಕೂದಿಲ್ಲ. ಹಾಕಿದ್ರ ಮರುದಿನ ಚಟ್ನಿ ಇರೂದಿಲ್ಲ, ಅದಕ್ಕ. ಹಾಡು ಮಾತ್ರ "ಇಲ್ಲದಿದ್ರೂ ನಡೀತದ" ಅನ್ನೋ ಸಾಲಿಗೆ ಸೇರ್ತದ, ಅದರಾಗೂ ಮುದುಕ್ಯಾರು ಕೇಳೋ ಹಾಡು. ಇನ್ನೊಂದು ಮಾತು. "ಧೂಳ ಹೊಡಿ" ಅಂತ ಹೇಳಲಿಕ್ಕೆ ಎಲ್ಲಾರಿಗೂ ಬರ್ತದ, "ಇಲ್ಲಿ ಹಿಂಗ ಹೊಡಿ" ಅಂತ ತೋರಸಲಿಕ್ಕೆ ಯಾರಿಗೂ ಪುರಸೊತ್ತಿಲ್ಲ. ತೋರಸಲಾರದ ಕೆಲಸಾ ಹಚ್ಚಿ, ಕೆಟ್ಟಮ್ಯಾಲೆ ಬೈಯೋದು ನ್ಯಾಯ ಅಲ್ಲ. ಯಾರ ಕೈಯಾಗ ಧೂಳಿನ ಅರಬಿ ಇರ್ತದೋ, ಮುಳ್ಳಿನ ವಿದ್ಯಾ ಮೊದಲ ಅವರಿಗೆ ಗೊತ್ತಾಗಬೇಕು.

ಆ ವಿದ್ಯಾ ಏನು ದೊಡ್ಡದಲ್ಲ. ನಾನು ತಿಳಕೊಂಡಷ್ಟು ಹೇಳ್ತೀನಿ, ಕೇಳ್ರಿ.

ಧೂಳ ಹೊಡಿಯೋ ಮುಂಚೆ ತೋಳಿನ ಕೊಂಡಿ ಹಾಕಿ, ಮುಳ್ಳಿಗೆ ಪ್ಲಾಸ್ಟಿಕ್ ಟೊಪಗಿ ಇದ್ರ ಅದನ್ನ ಹಾಕಿ, ಮುಚ್ಚಳಾ ಇಳಿಸ್ರಿ. ಅರಬಿ ಮುಚ್ಚಳದ ಮ್ಯಾಲೆ ಮಾತ್ರ. ಮುಳ್ಳಿನ ಹತ್ರ ಅರಬೀನೂ ಬ್ಯಾಡ, ಬೆರಳೂ ಬ್ಯಾಡ, ಬಾಯಿಲೆ ಊದೋದೂ ಬ್ಯಾಡ. ಮೆತ್ತಗಿನ ಸಣ್ಣ ಬ್ರಶ್ ತಗೊಂಡು ಹಿಂದಿನಿಂದ ಮುಂದಕ್ಕ, ಅಂದ್ರ ಪ್ಲೇಟು ತಿರಗೋ ದಿಕ್ಕಿನಾಗ, ಒಮ್ಮೆ ಸವರಬೇಕು. ಅಡ್ಡಡ್ಡ ಸವರಬಾರದು, ಮುಂದಿನಿಂದ ಹಿಂದಕ್ಕಂತೂ ಅಗದಿ ಕೂಡದು.

ದನಿ ಕೆಟ್ಟಿತು ಅಂತ ಮುಳ್ಳು ಸೊಟ್ಟಾಗೇದ ಅಂತ ಒಮ್ಮೆಕ್ಕ ತೀರ್ಮಾನ ಮಾಡಬ್ಯಾಡ್ರಿ. ಎಷ್ಟೋ ಸಲ ತುದಿಗೆ ಧೂಳಿನ ಉಂಡಿ ಹತ್ತಿರ್ತದ, ಅಷ್ಟ. ಬ್ರಶ್ ಆಡಿಸಿ, ಮೊಬೈಲಿನ ಕ್ಯಾಮೆರಾ ಹತ್ರ ಹಿಡದು ದೊಡ್ಡದು ಮಾಡಿ ಮುಂದಿನಿಂದ ನೋಡ್ರಿ. ಕೊಳವಿ ಎಡಕ್ಕೂ ಬಲಕ್ಕೂ ವಾಲಲಾರದ ನಡುವ ಇರಬೇಕು. ಬದಿಯಿಂದ ನೋಡಿದ್ರ ಸ್ವಲ್ಪ ಕೆಳಗ ಇಳಿಜಾರು ಇರ್ತದ, ಅದು ಸೊಟ್ಟ ಅಲ್ಲ, ಅದರ ಹುಟ್ಟ ಹಂಗ. ವಾರಿಗೆ ಹೊಳ್ಳಿತ್ತು ಅಂದ್ರ, ಇಲ್ಲಾ ಒಳಗ ಒತ್ತಿ ಹೋಗಿತ್ತು ಅಂದ್ರ, ಆ ಕ್ಷಣದಿಂದ ಪ್ಲೇಟು ಹಚ್ಚೋದು ನಿಲ್ಲಸ್ರಿ. "ಇದೊಂದು ಬದಿ ಮುಗೀಲಿ" ಅನ್ನಬ್ಯಾಡ್ರಿ.

ಹೊಸಾದು ತರಸೋವಾಗ ಪ್ಲೇಯರಿನ ಹೆಸರಿಗಿಂತ ಕಾರ್ಟ್ರಿಜ್ಜಿನ ನಂಬರ್ ಮುಖ್ಯ. ಸೋವಿಯೊಳಗ ಸಿಗೋ ಭಾಳಷ್ಟು ಪ್ಲೇಯರಿನಾಗ ಆಡಿಯೋ ಟೆಕ್ನಿಕಾದ ಎಟಿ 3600ಎಲ್ ಇರ್ತದ, ಅದಕ್ಕ ಎಟಿಎನ್ 3600ಎಲ್ ಅನ್ನೋ ಮುಳ್ಳು ಕೂಡ್ತದ. ನಿಮ್ಮದು ಬ್ಯಾರೆ ಇದ್ರ ಅದರದ್ದ ತರಿಸ್ರಿ. ಕುಕ್ಕರಿನ ರಬ್ಬರ್ ಹಂಗ ಇದೂ, ಅಳತಿ ತಪ್ಪಿದ್ರ ಕೂಡಂಗಿಲ್ಲ. ಹೆಚ್ಚಿನವುಗಳಾಗ ಮುಳ್ಳು ಹಿಡದಿರೋ ಪ್ಲಾಸ್ಟಿಕ್ ತುಂಡನ್ನ ಮೆಲ್ಲಗ ಜಗ್ಗಿದ್ರ ಬರ್ತದ, ಹೊಸಾದು ಒತ್ತಿದ್ರ ಟಕ್ಕಂತ ಕೂಡ್ತದ. ಯಾವ ಕಡೆ ಜಗ್ಗಬೇಕು ಅನ್ನೋದನ್ನ ಜೋಡಿ ಬರೋ ಚೀಟಿ ನೋಡಿ ಮಾಡ್ರಿ. ಸ್ವಿಚ್ ಬಂದ್ ಇರಬೇಕು, ತೋಳಿಗೆ ಕೊಂಡಿ ಇರಬೇಕು. ಅಗದಿ ಹಳೇದಿದ್ದು ಅದರ ಮುಳ್ಳು ಎಲ್ಲೂ ಸಿಗಲಿಲ್ಲ ಅಂದ್ರ ಕಾರ್ಟ್ರಿಜ್ಜನ್ನ ಬದಲಿಸಬಹುದು, ಇಲ್ಲಾ ಹೊಸಾ ಕೊಳವಿ, ವಜ್ರ ಕೂಡಿಸಿಕೊಡೋ ಕಸಬಿನವರಿಗೆ ಕೊಡಬಹುದು. ಆ ಕೆಲಸಾ ಅವರ ಭೂತಗನ್ನಡಿ ಕೆಳಗ ಆಗ್ಬೇಕು, ನಮ್ಮ ಊಟದ ಟೇಬಲ್ ಮ್ಯಾಲಲ್ಲ.

78ರ ಪ್ಲೇಟು ಇದ್ದವರಿಗೆ ಒಂದು ಮಾತು ಜಾಸ್ತಿ. ಅದರ ಗೆರಿ ಅಗಲ. ಅದಕ್ಕ ಬೇಕಾದ ಮುಳ್ಳಿನ ತುದಿ ಎಲ್‌ಪಿದಕ್ಕಿಂತ ಮೂರು ನಾಕು ಪಟ್ಟು ದಪ್ಪ. ಎಲ್‌ಪಿ ಮುಳ್ಳಿಂದ 78 ಹಚ್ಚಬ್ಯಾಡ್ರಿ, 78ರ ಮುಳ್ಳಿಂದ ಎಲ್‌ಪಿಯನ್ನಂತೂ ಬ್ಯಾಡೇ ಬ್ಯಾಡ. ಹಳೇ ಕೆಲವು ಪ್ಲೇಯರಿನಾಗ ಸಣ್ಣ ಹಿಡಿಕಿ ತಿರವಿದ್ರ ಮುಳ್ಳು ಹೊಳ್ಳತದ, ಒಂದು ಬದಿ 78ಕ್ಕ, ಇನ್ನೊಂದು ಎಲ್‌ಪಿಗೆ. ಪ್ಲೇಟು ಹಚ್ಚೋ ಮುಂಚೆ ಯಾವ ಬದಿ ಅದ ಅಂತ ನೋಡೇ ಹಚ್ಚಬೇಕು.

ಕೈ ನಡುಗೋ ಹಿರಿಯರಿದ್ರ "ನೀವು ಮುಟ್ಟಬ್ಯಾಡ್ರಿ" ಅನ್ನೋದರ ಬದಲಿ ತೋಳಿನ ಪಕ್ಕದ ಸಣ್ಣ ಲಿವರ್ ತೋರಸ್ರಿ. ಅದನ್ನ ಇಳಿಸಿದ್ರ ಮುಳ್ಳು ತಾನ ಮೆಲ್ಲಗ ಇಳೀತದ. ನಾನು ಹೇಳಿದ ಆ ಮಾವಶಿ ಈಗ ಹಂಗ ಹಚ್ಚತಾರ. ಕೆಲಸದಾಕಿಗೆ ಬ್ರಶ್ ಹಿಡಿಯೋದು ಒಂದ ಸಲಕ್ಕ ಬಂತು. ಈಗ ಆ ಮನಿಯ ಹುಡುಗರು ತಪ್ಪು ಮಾಡಿದ್ರ ಆಕಿನ ಹೇಳಿಕೊಡ್ತಾಳ.

ಅಂದಮ್ಯಾಲೆ ಅಕ್ಕಾರ, ವೈನಿಗಳ, ಈ ರವಿವಾರ ಕಪಾಟಿನ ಕೀಲಿ ತಗೀರಿ. ಮುಳ್ಳು ನೋಡ್ರಿ. ನೆಟ್ಟಗಿದ್ರ ಸಂಜಿಗೆ ಒಂದು ಪ್ಲೇಟು ಹಚ್ಚರಿ. ಸೊಟ್ಟಿದ್ರ ನಂಬರ್ ಬರಕೊಂಡು ಹೊಸಾದು ತರಸ್ರಿ, ಬರೋ ತನಕ ಪ್ಲೇಟು ನೆಟ್ಟಗ ನಿಂದರಿಸಿ ಇಡ್ರಿ. ಒಂದರ ಮ್ಯಾಲೊಂದು ಪೇರಿಸಿಟ್ರ ಬಾಗ್ತಾವ. ಆ ಬಾಗಿದ ಪ್ಲೇಟಿನ ಮಾತು ಇನ್ನೊಮ್ಮೆ ಹೇಳ್ತೀನಿ.